ಗತೋದರ ಮೀಮಾಂಸೆ ಅಥವಾ ಹೋದ ಹೊಟ್ಟೆಯ ಶಾಸ್ತ್ರವಿಚಾರ

ಬಂದ ಹೊಟ್ಟೆಯ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಸಾಹಿತ್ಯವಿದೆ: ಕರಗಿಸುವ ಕಷಾಯ, ಬಗ್ಗಿಸುವ ಆಸನ, ಬೆದರಿಸುವ ಅಂಕಣ. ಆದರೆ ಹೊಟ್ಟೆ ಹೋದ ಮೇಲೆ ಅದರ ಮಾಲೀಕ ಏನಾದ ಎಂಬಲ್ಲಿಗೆ ವಿದ್ವಾಂಸರೆಲ್ಲ ಪೆನ್ನು ಮುಚ್ಚಿಟ್ಟು ಕಾಫಿಗೆ ಎದ್ದಿದ್ದಾರೆ. ಈ ಕೊರತೆ ನೀಗಿಸುವ ಹೊಣೆ ಪ್ರಕೃತ ಲೇಖಕನ ಹೆಗಲಿಗೆ ಬಿದ್ದಿದೆ. ಆ ಹೆಗಲೂ ಈಗ ಮೊದಲಿನಷ್ಟು ಅಗಲವಿಲ್ಲ. ಅಧ್ಯಯನಕ್ಕೆ ಒಳಪಟ್ಟ ದೇಹ ಒಂದೇ, ಲೇಖಕನದೇ. ಹಿಂದೆ 112 ಕಿಲೋ, ಈಗ 71. ಮಾದರಿಯ ಗಾತ್ರ ಚಿಕ್ಕದಾಯಿತೆಂದು ಆಕ್ಷೇಪಿಸುವವರಿಗೆ ಉತ್ತರ: ಚಿಕ್ಕದಾದದ್ದೇ ಇಲ್ಲಿನ ವಿಷಯ.

ಮೊದಲು ಪ್ರಮಾಣವಿಚಾರ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕರ ವಂಶ ನಶಿಸಿತೆಂದು ಕೊರಗುವವರು ಯಾವುದಾದರೂ ಕಲ್ಯಾಣ ಮಂಟಪಕ್ಕೆ ಹೋಗಿ ನೋಡಬೇಕು. ಪಂಚಾವಯವ ವಾಕ್ಯ ಅಲ್ಲಿ ಇಂದಿಗೂ ಜೀವಂತ. ಇವನಿಗೆ ಶುಗರ್ ಇದೆ (ಪ್ರತಿಜ್ಞೆ). ಯಾಕೆಂದರೆ ಇಳಿದುಹೋಗಿದ್ದಾನೆ (ಹೇತು). ಇಳಿದವರಿಗೆಲ್ಲ ಶುಗರ್ರೇ, ನಮ್ಮ ತಿಪಟೂರಿನ ಭಾವನ ಹಾಗೆ (ಉದಾಹರಣೆ). ಇವನೂ ಹಾಗೇ ಇಳಿದಿದ್ದಾನೆ (ಉಪನಯ). ಆದ್ದರಿಂದ ಇವನಿಗೆ ಪಾಯಸ ಹಾಕಬೇಡಿ (ನಿಗಮನ). "ಇಲ್ಲ, ನಾನೇ ಇಳಿಸಿಕೊಂಡೆ" ಎಂಬ ಆಪ್ತವಾಕ್ಯ ಇಲ್ಲಿ ಪ್ರಮಾಣವಲ್ಲ. ರೋಗ ಮುಚ್ಚಿಡುವವರು ಹೇಳುವುದೂ ಅದನ್ನೇ ತಾನೆ? ಥೈರಾಯ್ಡ್‌ವಾದಿಗಳದು ಇನ್ನೊಂದು ಶಾಖೆ. ದನಿ ತಗ್ಗಿಸಿ "ಮನೇಲಿ ಎಲ್ಲಾ ಸರಿ ಇದೆ ತಾನೆ?" ಎನ್ನುವವರದು ಮೂರನೆಯದು. "ಸ್ವಲ್ಪ ಇಳಿಸ್ಕೋಬಾರ್ದೇನೋ" ಎಂದು ಇಪ್ಪತ್ತು ವರ್ಷ ಹೇಳಿದ ಚಿಕ್ಕಮ್ಮ ಈಗ "ಮುಖದಲ್ಲಿ ಕಳೆನೇ ಇಲ್ಲ, ಮುಂಚೆನೇ ಲಕ್ಷಣವಾಗಿದ್ದೆ" ಎನ್ನುತ್ತಾರೆ. ಇದು ವಿರೋಧಾಭಾಸವಲ್ಲ. ಟೀಕೆ ನಿತ್ಯ, ದೇಹ ನಿಮಿತ್ತ.

ಅಷ್ಟು ಮೈ ಎಲ್ಲಿಗೆ ಹೋಯಿತು? ಬೆವರಾಗಿ ಹರಿಯಿತು ಎಂಬುದು ಜಿಮ್ ಪಂಥ. ಅದನ್ನು ಖಂಡಿಸಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಲೆಕ್ಕ ಕೊಟ್ಟರು: 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ, 1.6 ಕಿಲೋ ನೀರಾಗುತ್ತದೆ. ಅಂದರೆ ಲೇಖಕನ ಹೊಟ್ಟೆಯ ಬಹುಭಾಗ ಗಾಳಿಯಲ್ಲಿ ತೇಲಿಹೋಗಿದೆ. ಪಕ್ಕದ ಮನೆಯ ಕರಿಬೇವು ಈಚೆಗೆ ವಿಪರೀತ ಚಿಗುರಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂಬುದು ಪ್ರತ್ಯೇಕ ಪಿಎಚ್‌ಡಿಯ ವಿಷಯ.

ಈಗ ಕ್ಲಿಷ್ಟ ಭಾಗ. ನಮ್ಮ ತಾರ್ಕಿಕರಿಗೆ ಇಲ್ಲದಿರುವುದೂ ಒಂದು ಪದಾರ್ಥ. ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ, ನಾಶವಾದ ಮೇಲಿನದು ಪ್ರಧ್ವಂಸಾಭಾವ. ತನ್ನ ಹೊಟ್ಟೆಯದು ಪ್ರಧ್ವಂಸಾಭಾವವೆಂದು ಲೇಖಕ ಬೀಗುತ್ತಿದ್ದ. ಒಪ್ಪದವನು ಟೈಲರ್. 44ರ ಸೊಂಟದ ಪ್ಯಾಂಟನ್ನು 34ಕ್ಕೆ ಹಿಡಿಸಿದಾಗ ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ಅಂಟಿಕೊಂಡು, ಹಣ ಯಾವುದರಲ್ಲಿದೆ ಎಂಬ ಸಂದೇಹಕ್ಕೆ ಎಡೆಯಾಯಿತು. ಟೈಲರ್ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಭಾಷ್ಯ ನುಡಿದ: "ಒಳಗಿನ ಬಟ್ಟೆ ಕತ್ತರಿಸಿಲ್ಲ ಸಾರ್, ಮಡಚಿ ಇಟ್ಟಿದೀನಿ. ಬೇಕಾಗ್ತದೆ." ಅಪ್ಪಟ ಪ್ರಾಗಭಾವವಾದಿ. ದುಃಖದ ಸಂಗತಿಯೆಂದರೆ ಸ್ವೀಡನ್ನಿನ ವಿಜ್ಞಾನಿಗಳು ಅವನ ಪಕ್ಷ. ಹಳೆಯ ಅಣುಬಾಂಬು ಪರೀಕ್ಷೆಗಳು ಗಾಳಿಗೆ ಬಿಟ್ಟ ಇಂಗಾಲ-14ರ ಜಾಡು ಹಿಡಿದು ಕೊಬ್ಬಿನ ಕೋಶಗಳ ವಯಸ್ಸು ಎಣಿಸಿದ ಕರೋಲಿನ್ಸ್ಕಾ ಸಂಸ್ಥೆಯ ತಂಡ 2008ರಲ್ಲಿ ತೀರ್ಪಿತ್ತಿತು: ದೊಡ್ಡವರಲ್ಲಿ ವರ್ಷಕ್ಕೆ ಶೇ 10ರಷ್ಟು ಕೋಶಗಳು ಸತ್ತು ಅಷ್ಟೇ ಹುಟ್ಟುತ್ತವೆ, ತೂಕ ಇಳಿದರೂ ಅವುಗಳ ಸಂಖ್ಯೆ ಇಳಿಯುವುದಿಲ್ಲ. ಬರಿದಾಗಿ, ಕುಗ್ಗಿ, ಒಳಗೇ ಕೂತಿರುತ್ತವೆ. ಟೈಲರ್ ಬಾಂಬು ಗೀಂಬು ಏನೂ ಇಲ್ಲದೆ ಇದನ್ನು ಕಂಡುಕೊಂಡಿದ್ದ.

ಚರ್ಮದ ವಿಷಯ ಬೇರೆ. ಕೊಬ್ಬಿಗೆ ರಾಜೀನಾಮೆ ಗೊತ್ತು, ಚರ್ಮಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ಹಿಗ್ಗಿದ ಕಾಲಜನ್, ಎಲಾಸ್ಟಿನ್ ಎಳೆಗಳು ಹಾಳಾದ ಮೇಲೆ ಮೊದಲಿನಂತೆ ಕುಗ್ಗುವುದಿಲ್ಲ. ಹೊಟ್ಟೆ ಆರಿದ ಪೂರಿಯಂತೆ ಮಡಿಕೆ ಬಿದ್ದು ಕೂರುತ್ತದೆ. ಟಾಟಾ ಮಾಡಿದರೆ ಕೈ ನಿಂತ ಮೇಲೂ ತೋಳು ಟಾಟಾ ಮುಂದುವರಿಸುತ್ತದೆ. ಬೇಸಿಗೆಯಲ್ಲಿ ಮಡಿಕೆಯೊಳಗೆ ಬೆವರು ನಿಂತು ಕೆಂಪಗಾಗಿ ತುರಿಸುತ್ತದೆ. ಸ್ನಾನವಾದ ಮೇಲೆ ಅದನ್ನು ಒಂದು ಕೈಯಲ್ಲಿ ಎತ್ತಿಹಿಡಿದು ಇನ್ನೊಂದರಲ್ಲಿ ಒತ್ತಿ ಒರೆಸಿ, ಪೂರ್ತಿ ಆರಿದ ಮೇಲೇ ಬನಿಯನ್ನು ಹಾಕಬೇಕು. ಮಣೆಯ ಮೇಲೆ ಕೂತರೆ ಬಾಲಮೂಳೆ ಪ್ರತಿಭಟಿಸುತ್ತದೆ. ಕ್ರೀಮುಗಳಿಂದ ಇದು ಬಿಗಿಯಾಗುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಆಗುತ್ತದೆ, ಆದರೆ ಸೊಂಟದ ಈ ತುದಿಯಿಂದ ಆ ತುದಿಯವರೆಗೆ ಗಾಯದ ಗೆರೆ ಉಳಿಯುತ್ತದೆ. ಮಾಡಿಸಿಕೊಳ್ಳುವವರು ಮಾಡಿಸಿಕೊಳ್ಳಲಿ, ಅವರ ಹೊಟ್ಟೆ ಅವರದು. 'ಮೊದಲು', 'ನಂತರ' ಎಂದು ಜೋಡಿಚಿತ್ರ ಹಾಕುವ ಜಾಹೀರಾತುಗಳಲ್ಲಿ 'ನಂತರ'ದವನು ಸದಾ ಇನ್‌ಷರ್ಟ್ ಮಾಡಿಕೊಂಡೇ ಇರುವುದನ್ನು ಮಾತ್ರ ಸಂಶೋಧಕರು ಗಮನಿಸಬೇಕು.

ಪಾಶ್ಚಾತ್ಯ ಮತವನ್ನೂ ಮುಟ್ಟಿಬಿಡೋಣ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಉಪಾಯ ಹೇಳಿದವರು 19ನೇ ಶತಮಾನದ ಬೆಲ್ಜಿಯನ್ ಖಗೋಳಜ್ಞ ಅಡೊಲ್ಫ್ ಕೆಟಲೆ. 1972ರಲ್ಲಿ ಅದಕ್ಕೆ ಬಿಎಂಐ ಎಂಬ ಹೆಸರು ಬಂತು. ಲೇಖಕನದು ಈಗ 24ರ ಮೇಲೆ. ಭಾರತೀಯರಿಗೆ ವೈದ್ಯರು ಎಳೆದಿರುವ ಗೆರೆ 23. ಅಂದರೆ 41 ಕಿಲೋ ಕಳೆದುಕೊಂಡವನು ಖಗೋಳಜ್ಞನ ಲೆಕ್ಕದಲ್ಲಿ ಇನ್ನೂ ದಪ್ಪ, ಚಿಕ್ಕಮ್ಮನ ಲೆಕ್ಕದಲ್ಲಿ ಕಡ್ಡಿ.

ಅಧ್ಯಾಸಪ್ರಕರಣ ಉಳಿದಿದೆ. ಹಗ್ಗವನ್ನು ಹಾವೆಂದು ಭ್ರಮಿಸಿದವನು ದೀಪ ತಂದರೆ ಹಾವು ಮಾಯವಾಗುತ್ತದೆ ಎನ್ನುತ್ತಾರೆ ವೇದಾಂತಿಗಳು. ಅವರು ತೂಕ ಇಳಿಸಿಕೊಂಡಂತಿಲ್ಲ. ಟ್ಯೂಬ್‌ಲೈಟ್ ಹಾಕಿ ಕನ್ನಡಿ ಮುಂದೆ ನಿಂತರೂ ಹಳೆಯ ದಢೂತಿ ಆಸಾಮಿಯೇ ಎದುರು ನಿಂತಿರುತ್ತಾನೆ. ಬಸ್ಸಿನಲ್ಲಿ ಈಗಲೂ ಅಡ್ಡಡ್ಡ ತಿರುಗಿ ದಾರಿ ಮಾಡಿಕೊಳ್ಳುವುದು, ಪ್ಲಾಸ್ಟಿಕ್ ಕುರ್ಚಿಯ ಕಾಲನ್ನು ಅಲುಗಿಸಿ ನೋಡಿಯೇ ಕೂರುವುದು, ಅಂಗಡಿಯಲ್ಲಿ ಬಾಯಿತಪ್ಪಿ "ಡಬಲ್ ಎಕ್ಸೆಲ್" ಎನ್ನುವುದು, ಎಲ್ಲ ಅವನದೇ ಕಾರುಬಾರು. ಅವನನ್ನು ಓಡಿಸಬೇಕೆಂದು ಲೇಖಕನಿಗೆ ಈಗ ಅನಿಸುವುದಿಲ್ಲ. ಇಷ್ಟು ವರ್ಷ ಇದೇ ಮಂಡಿಗಳ ಮೇಲೆ ಸಂಸಾರ ಹೊತ್ತವನು ಅವನೇ.

ಸಿದ್ಧಾಂತ ಧರ್ಮಸ್ಥಳದಲ್ಲಿ ಆಯಿತು. ಅಲ್ಲಿ ಗಂಡಸರು ಅಂಗಿ, ಬನಿಯನ್ನು ತೆಗೆದೇ ಒಳಹೋಗಬೇಕು. ಮಡಿಕೆಯ ಮೇಲೆ ಶಲ್ಯ ಎಳೆದುಕೊಳ್ಳುತ್ತಾ ಸರದಿಯಲ್ಲಿ ನಿಂತ ಲೇಖಕ ಸುತ್ತ ನೋಡಿದ: ಡೊಳ್ಳು, ಗೂನು, ಅಪೆಂಡಿಕ್ಸಿನ ಗಾಯ, ಬೈಪಾಸಿನ ಗೆರೆ, ಎಲುಬಿನ ಗೂಡು. ಲೇಖಕನನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಬಾಗಿಲು ಹಾಕುವುದರೊಳಗೆ ತಮ್ಮ ಸರದಿ ಬರುತ್ತದೋ ಇಲ್ಲವೋ ಎಂಬುದೇ ಎಲ್ಲರ ಚಿಂತೆ. ಸೆಕೆಯಾಗುತ್ತಿತ್ತು. ಶಲ್ಯ ತೆಗೆದು ಹೆಗಲಿಗೆ ಹಾಕಿಕೊಂಡ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಸಿಕ್ಕಾಗ ಏರಿಳಿತದ ಬಗ್ಗೆಯೇ ವಿಚಾರಿಸಬೇಕೆನಿಸಿದರೆ ಅಡಿಕೆ ದರ ಕೇಳಿ.