ಹಿಟಾಚಿಗೆ ಬ್ಯಾಟರಿ ಬೇಡ

ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಹಿಂದೆ ಸೆಂಟು, ಟಾರ್ಚು, ಟ್ಯಾಂಗ್ ಹುಡಿ ಇರುತ್ತಿತ್ತು. ಈಗ ನಮ್ಮ ಬಂಟ್ವಾಳದ ಮೆಲ್ಕಾರ್ ಕಡೆಯ ಎ.ಸಿ. ಕೆಲಸದ ಹುಡುಗರು ಕೇಳುವುದು ಬ್ಯಾಟರಿಯಲ್ಲಿ ಓಡುವ ಪೈಪ್ ಕಟರನ್ನು. ಅದನ್ನು ಸೊಂಟಕ್ಕೆ ಸಿಕ್ಕಿಸಿ ಬೈಕ್ ಹತ್ತಿದವನಿಗೆ ಜಂಕ್ಷನ್ನಿನ ಹೋಟೆಲಿನಲ್ಲಿ ಚಾ ಕೂಡ ಸ್ವಲ್ಪ ಬೇಗ ಬರುತ್ತದೆ. ತಾಮ್ರದ ಪೈಪನ್ನು ಯಂತ್ರದ ಬಾಯಿಗೆ ಕೊಟ್ಟು ಗುಂಡಿ ಒತ್ತಿದರೆ ಆಯಿತು, ಒಳಗಿನ ಸಣ್ಣ ಚಕ್ರ ಪೈಪಿನ ಸುತ್ತ ಗಿರಗಿರನೆ ತಿರುಗಿ ತುಂಡು ಕೆಡವುತ್ತದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ತಾಮ್ರದ ಹುಡಿ ಪೈಪಿನೊಳಗೇ ಉಳಿದು ಕಂಪ್ರೆಸರಿನ ಹೊಟ್ಟೆ ಸೇರುತ್ತದೆ. ಚಕ್ರದ ಕಟರಿನಲ್ಲಿ ಹುಡಿಯೇ ಬೀಳುವುದಿಲ್ಲ. ಒಳ್ಳೆಯ ಯಂತ್ರ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಸಾಧು ಯಂತ್ರದ ನೇಮಗಳು ಜಾಸ್ತಿ. ಡಬ್ಬಿಯ ಮೇಲೆ 12 ವೋಲ್ಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಒಳಗಿರುವುದು 3.6 ವೋಲ್ಟಿನ ಮೂರು ಲೀಥಿಯಂ ಸೆಲ್ಲು, ಒಟ್ಟು 10.8. ಆಗಷ್ಟೇ ಚಾರ್ಜ್ ಮಾಡಿ ತೆಗೆದ ಗಳಿಗೆಯಲ್ಲಿ ಮಾತ್ರ ಅದು 12 ದಾಟುತ್ತದೆ, ಕೆಲಸಕ್ಕೆ ಇಳಿದ ಕೂಡಲೇ ಕೆಳಗೆ ಬರುತ್ತದೆ. ಇದನ್ನು ಮೋಸ ಎನ್ನಲು ನನಗೆ ಬಾಯಿ ಬರುವುದಿಲ್ಲ. ಶಂಕುಸ್ಥಾಪನೆಯ ದಿನದ ವೋಲ್ಟೇಜನ್ನೇ ಐದು ವರ್ಷ ಫ್ಲೆಕ್ಸಿನಲ್ಲಿ ಓದುವ ಊರಿನವನು ನಾನು.

ಇನ್ನು ಕೈಕೊಟ್ಟಾಗಿನ ಉಪಚಾರ. ಯಂತ್ರ ಮಾತಾಡದಿದ್ದರೆ ಮೊದಲು ಬ್ಯಾಟರಿಯ ಕಾಲುಗಳನ್ನು ಒಣಬಟ್ಟೆಯಲ್ಲಿ ಒರೆಸಬೇಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಕೀಲು, ಸ್ಕ್ರೂ, ಮನುಷ್ಯರ ಮಂಡಿ ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ. ಅರ್ಧ ಕೊಯ್ದಲ್ಲಿ ಚಾರ್ಜ್ ಮುಗಿದರೆ ಯಂತ್ರ ಪೈಪನ್ನು ಕಚ್ಚಿಕೊಂಡು ಅಲ್ಲೇ ನೇತಾಡುತ್ತದೆ. ಬೇರೆ ಬ್ಯಾಟರಿ ಹಾಕಿ, ಬಾಯಿ ತೆರೆದ ಜಾಗಕ್ಕೆ ಬರುವ ತನಕ ತಿರುಗಿಸಬೇಕೇ ಹೊರತು ಜಗ್ಗಬಾರದು. ಜಗ್ಗಿದರೆ ಪೈಪು ಚಪ್ಪಟೆ. ಪೈಪು ತುಂಡಾಗದೆ ಸುತ್ತಲೂ ಬೋಲ್ಟಿನ ಹಾಗೆ ಸುರುಳಿ ಗೀರು ಬಿದ್ದರೆ ಚಕ್ರ ಮೊಂಡಾಗಿದೆ ಅಥವಾ ವಾರೆಯಾಗಿದೆ, ಬದಲಿಸಿ. ಎಲ್ಲ ಸರಿಯಾಗಿ ಕೊಯ್ದ ಮೇಲೂ ಕೆಲಸ ಮುಗಿಯಲಿಲ್ಲ: ಒಳಬದಿಗೆ ಮಡಚಿದ ಅಂಚನ್ನು ಪೈಪಿನ ಬಾಯಿ ಕೆಳಗೆ ಮಾಡಿ ಹೆರೆಯಬೇಕು, ಚೂರು ಹೊರಗೆ ಬೀಳುವ ಹಾಗೆ. ಅರ್ಧ ಇಂಚಿನ ಪೈಪಿಗೆ ಇಷ್ಟು ಮರ್ಯಾದೆ.

ಈ ಮರ್ಯಾದೆಯೆಲ್ಲ ಗೋಡೆಯ ಒಳಗೆ. ಗೇಟು ದಾಟಿ ರಸ್ತೆಗೆ ಬಂದರೆ ಬಂಟ್ವಾಳ ತಾಲೂಕಿನ ನಿಜವಾದ ಪೈಪ್ ಕಟರ್ ಕಾಣಸಿಗುತ್ತದೆ. ಹಳದಿ ಬಣ್ಣ, ಡೀಸೆಲ್ ಹಸಿವು, ತುದಿಯಲ್ಲಿ ಉಕ್ಕಿನ ಹಲ್ಲು. ಯಾವ ಕಂಪನಿಯದ್ದಾದರೂ ನಮ್ಮವರ ಬಾಯಲ್ಲಿ ಅದು ಹಿಟಾಚಿ. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ರಾಷ್ಟ್ರೀಯ ಹೆದ್ದಾರಿ 75ರ ಚತುಷ್ಪಥ ನೇತ್ರಾವತಿ ದಾಟಿದ ಕೂಡಲೇ ಹಾಯುವುದು ಮೆಲ್ಕಾರಿನಲ್ಲೇ. ಹಾಗಾಗಿ ಹಿಟಾಚಿಯ ಸ್ವಭಾವ ನೋಡಿ ಕಲಿಯಲು ಇಲ್ಲಿನವರಿಗೆ ವರ್ಷಗಟ್ಟಲೆ ಪುರುಸೊತ್ತು ಸಿಕ್ಕಿತು. ಈ ದಾರಿಯಲ್ಲಿ ಮಾತ್ರ ಅಂತಲ್ಲ, ಕರಾವಳಿಯಲ್ಲಿ ಎಲ್ಲಿ ಅಗಲೀಕರಣವಾದರೂ ಇದೇ ತಳಿ.

ಇದಕ್ಕೆ ಅಳತೆ ಬೇಡ. ಪಿವಿಸಿ, ನೀಲಿ ಗೀಟಿನ ಕಪ್ಪು ಎಚ್‌ಡಿಪಿಇ, ಹಳೆಯ ಕಬ್ಬಿಣ, ಮಧ್ಯೆ ಅಡ್ಡ ಬಂದ ಟೆಲಿಫೋನ್ ಕೇಬಲ್, ಎಲ್ಲಕ್ಕೂ ಒಂದೇ ಬಕೆಟ್. ಚಾರ್ಜ್ ಮುಗಿಯುವುದಿಲ್ಲ, ಚಕ್ರ ಮೊಂಡಾಗುವುದಿಲ್ಲ, ಅಂಚು ಹೆರೆಯುವ ಪ್ರಶ್ನೆಯೇ ಇಲ್ಲ. ದೋಷ ಪತ್ತೆಯೂ ಸುಲಭ: ರಸ್ತೆಯಲ್ಲಿ ಕಾರಂಜಿ ಎದ್ದರೆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಕಾರಂಜಿ ಏಳದಿದ್ದರೆ ಆ ದಿನ ನೀರು ಬಿಟ್ಟಿಲ್ಲ.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ಹಳ್ಳಿಯ ಪ್ರತಿ ಮನೆಗೆ ನಳ್ಳಿ, ಪ್ರತಿ ತಲೆಗೆ ದಿನಕ್ಕೆ 55 ಲೀಟರ್. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರಿಟ್ಟರು. ಪೈಪು ಹಾಕಲು ಒಂದು ಹಿಟಾಚಿ ಅಗೆದು ಹೋಯಿತು. ಅದರ ಹಿಂದೆಯೇ ಚರಂಡಿಗೆ ಇನ್ನೊಂದು ಬಂತು, ಕೇಬಲಿಗೆ ಮತ್ತೊಂದು. ಗಂಗೆ ಮನೆಗೆ ಹೊರಟವಳು ದಾರಿಯಲ್ಲೇ ಇಳಿದುಕೊಂಡಳು. ಪಕ್ಕದಲ್ಲಿ ನೇತ್ರಾವತಿ ಹರಿಯುತ್ತದೆ, ತುಂಬೆಯ ಅಣೆಕಟ್ಟಿನಿಂದ ಮಂಗಳೂರಿಡೀ ಕುಡಿಯುತ್ತದೆ. ಇಲ್ಲಿ ನಳ್ಳಿ ತಿರುಗಿಸಿದರೆ ಗಾಳಿ ಕೆಮ್ಮುತ್ತದೆ.

ಸರಕಾರಕ್ಕೆ ಇದು ಗೊತ್ತಿಲ್ಲ ಎನ್ನಬೇಡಿ. 2023ರ ಮಾರ್ಚ್ 22ರಂದು ಪ್ರಧಾನಿಯೇ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿದರು. ಅಗೆಯುವವನು ಮೊದಲೇ ತಿಳಿಸಬೇಕು, ನೆಲದಡಿಯಲ್ಲಿ ಪೈಪು ಕೇಬಲು ಇರುವವರು ಬಂದು ಜಾಗ ತೋರಿಸಬೇಕು. ಹೀಗೆ ಅಗೆದು ಕಡಿಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂಬುದು ಸರಕಾರವೇ ಆಗ ಹೇಳಿದ ಲೆಕ್ಕ. ಆ್ಯಪ್ ಬಹಳ ಚೆನ್ನಾಗಿದೆ. ತೊಂದರೆ ಒಂದೇ, ಹಿಟಾಚಿ ಓಡಿಸುವವನ ಎರಡು ಕೈಗೂ ಲಿವರ್ ಇದೆ, ಮೊಬೈಲ್ ಹಿಡಿಯಲು ಮೂರನೆಯ ಕೈ ಇಲ್ಲ. ಆಪರೇಟರ್ ಹುಡುಗ ದೂರದ ಯಾವುದೋ ರಾಜ್ಯದಿಂದ ಬಂದವನು, ಅವನಿಗೆ ಬೈದು ಪ್ರಯೋಜನವೂ ಇಲ್ಲ. ಗುತ್ತಿಗೆದಾರರನ್ನು ಕೇಳಿದರೆ, ‘ನಕ್ಷೆಯಲ್ಲಿ ಪೈಪು ತೋರಿಸಲೇ ಇಲ್ಲ ಮಾರಾಯ್ರೆ.’ ನಕ್ಷೆಯವರನ್ನು ಕೇಳಿದರೆ, ‘ಪೈಪು ನಕ್ಷೆಯ ಪ್ರಕಾರ ಹಾಕಲೇ ಇಲ್ಲವಲ್ಲ.’ ಇಬ್ಬರದ್ದೂ ಸತ್ಯ.

ರಸ್ತೆಯ ಎಸ್ಟಿಮೇಟಿನಲ್ಲಿ ಪೈಪು ಕೇಬಲು ಸರಿಸಲೆಂದೇ ‘ಯುಟಿಲಿಟಿ ಶಿಫ್ಟಿಂಗ್’ ಎಂಬ ಸಾಲು ಇರುತ್ತದೆ, ಅದಕ್ಕೆ ದುಡ್ಡೂ ಇರುತ್ತದೆ. ಶಿಫ್ಟ್ ಆಗುವುದು ಏನು, ಎಲ್ಲಿಂದ ಎಲ್ಲಿಗೆ ಎಂಬುದು ಸಾಮಾನ್ಯರ ಕಣ್ಣಿಗೆ ಬೀಳುವ ಸಂಗತಿಯಲ್ಲ. ಕಡಿದದ್ದನ್ನು ಕೊನೆಗೆ ಜೋಡಿಸುವವನು ಯಾರು? ಮಣ್ಣು ಮೆತ್ತಿದ ಲುಂಗಿ ಎತ್ತಿ ಕಟ್ಟಿ, ಹೊಂಡದ ಕೆಸರು ನೀರಿಗಿಳಿದು, ಒಂದು ತುಂಡು ಪೈಪು, ಎರಡು ಕಪ್ಲಿಂಗ್, ಸೊಲ್ಯೂಷನ್ ಡಬ್ಬಿ ಹಿಡಿದು ಕೂರುವ ನೀರು ಬಿಡುವ ಮನುಷ್ಯ. ಅವನ ಕೈಯಲ್ಲಿರುವುದು ಅದೇ ಹ್ಯಾಕ್ಸಾ ಬ್ಲೇಡ್, ಅದೂ ಹಿಡಿ ಇಲ್ಲದೆ ಬಟ್ಟೆ ಸುತ್ತಿದ್ದು. ಕಡಿಯುವ ಯಂತ್ರಕ್ಕೆ ಗಂಟೆ ಲೆಕ್ಕದ ಬಾಡಿಗೆ. ಜೋಡಿಸುವವನಿಗೆ ‘ಇನ್ನೂ ಆಗಲಿಲ್ವಾ?’ ಎಂಬ ಫೋನು.

ಯಾವ ವಾಲ್ವ್ ಯಾರ ಕಾಂಪೌಂಡಿನ ಬದಿಯಲ್ಲಿದೆ, ಯಾವ ಪೈಪು ಮೋರಿಯ ಕೆಳಗೆ ಬಾಗಿದೆ ಎಂಬುದೆಲ್ಲ ಅವನ ತಲೆಯಲ್ಲಿ ಉಂಟು. ಅದಕ್ಕೆ ಆ್ಯಪ್ ಬೇಡ, ನೆಟ್‌ವರ್ಕ್ ಬೇಡ. ಆದ್ದರಿಂದ ಇಂಜಿನಿಯರ್ ಮಹಾಶಯರೇ, ಮುಂದಿನ ಸಲ ಹಿಟಾಚಿ ಲಾರಿಯಿಂದ ಇಳಿಯುವ ಮೊದಲು ಆ ಮನುಷ್ಯನನ್ನು ಕರೆದು ಒಂದು ಚಾ ಕುಡಿಸಿ, ಅವನು ಸುಣ್ಣದಲ್ಲಿ ಗೀಟು ಎಳೆದ ಮೇಲೆ ಅಗೆಯಿರಿ. ಸುಣ್ಣ ಚಾ ಎರಡನ್ನೂ ಬೇಕಾದರೆ ಯುಟಿಲಿಟಿ ಶಿಫ್ಟಿಂಗ್ ಖಾತೆಗೆ ಬರೆದುಕೊಳ್ಳಿ, ನಾವು ಯಾರೂ ಆರ್‌ಟಿಐ ಹಾಕುವುದಿಲ್ಲ.