ಹೈಡೆಲ್‌ಬರ್ಗಿನಲ್ಲಿ ಮಾವನವರ ಮೇಲ್

ಅಳಿಯ ಸಾಫ್ಟ್‌ವೇರಿನಲ್ಲಿದ್ದಾನೆ ಎಂದಮೇಲೆ ಮಾವನ ಮನೆಯಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುವ ಸಕಲ ವಸ್ತುಗಳಿಗೂ ಅವನೇ ಜವಾಬ್ದಾರ. ಅವನು ನ್ಯೂಜೆರ್ಸಿಯ ವಿಮಾ ಕಂಪನಿಯೊಂದರ ಹಳೇ ಪ್ರೋಗ್ರಾಮಿಗೆ ತೇಪೆ ಹಾಕಿ ಹೊಟ್ಟೆ ಹೊರೆಯುವವನು, ಪ್ರಿಂಟರ್ ಕಂಡರೆ ದೂರ ಸರಿಯುವವನು ಎಂಬುದನ್ನು ಧಾರವಾಡಕ್ಕೆ ಮನವರಿಕೆ ಮಾಡಿಕೊಡುವುದು ಬ್ರಹ್ಮನಿಂದಲೂ ಆಗದ ಕೆಲಸ.

"ಅಷ್ಟು ದೊಡ್ಡ ಕಂಪನಿ ನಡಸ್ತೀರಿ, ಒಂದು ಮೇಲ್ ಹಚ್ಚಿಕೊಡೂದು ಏನು ದೊಡ್ಡದ್ರಿ ಅಳಿಯಂದ್ರ?" ಎಂದು ಮಾವನವರು ಕೇಳಿದ್ದು ಹೈಡೆಲ್‌ಬರ್ಗಿನ ಹೋಟೆಲಿನಲ್ಲಿ. ನಮ್ಮಲ್ಲಿಗೆ ಬಂದಿದ್ದ ಅತ್ತೆ-ಮಾವನವರನ್ನು ಊರಿಗೆ ಬಿಟ್ಟುಬರುವಾಗ ದಾರಿಯಲ್ಲಿ ಜರ್ಮನಿಯನ್ನೂ ತೋರಿಸಿಬಿಡೋಣ ಎಂದು ಫ್ರಾಂಕ್‌ಫರ್ಟ್‌ನಲ್ಲಿ ಇಳಿದಿದ್ದೆವು. ನ್ಯೂಜೆರ್ಸಿಯಲ್ಲಿ ತಿಂಗಳುಗಟ್ಟಲೆ ಮೇಲ್‌ನ ಸುದ್ದಿಯೇ ಎತ್ತದ ಮಾವನವರಿಗೆ ನೆಕ್ಕಾರ್ ನದಿ ಕಂಡಕೂಡಲೇ ಅದು ನೆನಪಾಯಿತು. ಅವರು ಬ್ಯಾಂಕ್ ನಿವೃತ್ತರ ಸಂಘದ ಕಾರ್ಯದರ್ಶಿ. ವಾರ್ಷಿಕ ಸಭೆಯ ನಡಾವಳಿ ಅವರ ಒಪ್ಪಿಗೆಗೆ ಬಂದು ಕೂತಿರಬೇಕು. ಬ್ರೌಸರಿನಲ್ಲಿ ತೆರೆದು ಓದಿ ಎಂದರೆ ಒಪ್ಪುವವರಲ್ಲ. ಎಡಗಡೆ ಫೋಲ್ಡರು, ಬಲಗಡೆ ಪತ್ರ, ಎಲ್ಲ ಕಡತದ ಹಾಗೆ ಇರಬೇಕು. ಹೊಸದಾಗಿ ಕೊಂಡ ಲ್ಯಾಪ್‌ಟಾಪಿನಲ್ಲಿ ಮೇಲ್ ಪ್ರೋಗ್ರಾಮ್ ಹಾಕಿಕೊಡಲೇಬೇಕು. ಅತ್ತೆಯವರೂ ನನ್ನವಳೂ ಕೋಟೆ ನೋಡಲು ಹೊರಟರು. ನಾವಿಬ್ಬರೂ ಮಂಚದ ಮೇಲೆ ಕೂತೆವು.

ಹೋಟೆಲಿನ ವೈಫೈ ಮೊದಲು ಒಂದು ಪುಟ ತೋರಿಸಿ ರೂಮ್ ನಂಬರು, ಅಡ್ಡಹೆಸರು ಕೇಳುತ್ತದೆ. ಬ್ರೌಸರಿಗೆ ಆ ಪುಟ ಕಾಣುತ್ತದೆ, ಮೇಲ್ ಪ್ರೋಗ್ರಾಮಿಗೆ ಕಾಣುವುದಿಲ್ಲ. ತನ್ನ ಸರ್ವರ್ ಇರಬೇಕಾದ ಜಾಗದಲ್ಲಿ ಇನ್ಯಾರೋ ನಿಂತಿದ್ದಾರೆ ಎಂದಷ್ಟೇ ಅದಕ್ಕೆ ಗೊತ್ತಾಗಿ, ಸರ್ಟಿಫಿಕೇಟ್ ಸರಿಯಿಲ್ಲ ಎಂದು ಬೊಬ್ಬೆ ಹಾಕುತ್ತದೆ. ಅಡ್ಡಹೆಸರು ಕೊಡೋಣವೆಂದರೆ ನಾನು ಮೈಸೂರು ಕಡೆಯವನು, ನನಗೆ ಅಡ್ಡಹೆಸರೇ ಇಲ್ಲ. ಹೋಟೆಲಿನವರು ನನ್ನ ತಂದೆಯವರ ಹೆಸರಿನಲ್ಲಿ ರೂಮು ಕೊಟ್ಟಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಮಾವನವರ ಎರಡನೇ ಚಹಾ ಮುಗಿದಿತ್ತು.

ವೈಫೈ ಸಿಕ್ಕಿತು. ಒಳಬರುವ ಪತ್ರಕ್ಕೆ ಪೋರ್ಟ್ 993, ಹೊರಹೋಗುವುದಕ್ಕೆ 587 ಎಂದು ತುಂಬಿದೆ. ಪಾಸ್‌ವರ್ಡ್ ತಪ್ಪು ಎಂದಿತು. ಖಾತ್ರಿ ಮಾಡಿಕೊಳ್ಳಲು ಕೆಳಗೆ ಲಾಬಿಯ ಕಂಪ್ಯೂಟರಿಗೆ ಹೋದೆವು. ಮಾವನವರ ಪಾಸ್‌ವರ್ಡಿನಲ್ಲಿ ಸವದತ್ತಿಯ ಯಲ್ಲಮ್ಮ ಇದ್ದಾಳೆ. ಜರ್ಮನ್ ಕೀಬೋರ್ಡಿನಲ್ಲಿ 'ವೈ' ಮತ್ತು 'ಝಡ್' ಜಾಗ ಬದಲಿಸಿಕೊಂಡಿವೆ, 'ಅಟ್' ಚಿಹ್ನೆ 'ಕ್ಯೂ' ಕೀಲಿಯ ಮೂಲೆಯಲ್ಲಿ ಅಡಗಿದೆ. ಕೀಲಿ ನೋಡದೆ ಬಡಿಯುವ ನನ್ನ ವಿದ್ಯೆಗೆ ತಾಯಿ ಝೆಲ್ಲಮ್ಮನಾಗಿ ದರ್ಶನ ಕೊಡುತ್ತಿದ್ದಳು. ಪರದೆಯ ಮೇಲೆ ಕಾಣುವುದು ಬರೀ ಚುಕ್ಕೆ. ಕೊನೆಗೆ ಮೇಲ್ ಕಂಪನಿಗೇ ಸಂಶಯ ಬಂತು. ನೋಂದಾಯಿತ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ, ಅದನ್ನು ಹೇಳಿದರೆ ಮಾತ್ರ ಮುಂದಿನ ಮಾತು ಎಂದಿತು.

ಇದೇ ಇಮೇಲ್ ಹುಟ್ಟಿದಾಗ ಎಷ್ಟು ಸಾಧುವಾಗಿತ್ತು! 1971ರಲ್ಲಿ ರೇ ಟಾಮ್ಲಿನ್ಸನ್ ಅಮೆರಿಕದ ಕೇಂಬ್ರಿಜ್‌ನಲ್ಲಿ ನೆಟ್‌ವರ್ಕಿನ ಮೇಲೆ ಮೊದಲ ಮೇಲ್ ಕಳಿಸಿದ್ದು ಪಕ್ಕಪಕ್ಕದಲ್ಲೇ ಇದ್ದ ಎರಡು ಯಂತ್ರಗಳ ನಡುವೆ. 1982ರಲ್ಲಿ ಎಸ್‌ಎಂಟಿಪಿ ನಿಯಮ ಬರೆದಾಗಲೂ ಕಳಿಸುವವನನ್ನು ನೀನು ಯಾರಪ್ಪಾ ಎಂದು ಕೇಳುವ ಪದ್ಧತಿ ಅದರಲ್ಲಿರಲಿಲ್ಲ. ಆಮೇಲೆ ಕಳ್ಳಕಾಕರು ಹೊಕ್ಕರು, ಕಾವಲು ಬಿಗಿಯಾಯಿತು. ಈಗಿನ ಏರ್ಪಾಡಿನಲ್ಲಿ ಮನೆಯಲ್ಲೇ ಕೂತವನು ಸಂಭಾವಿತ, ಊರು ಬಿಟ್ಟವನು ಶಂಕಿತ. ನೀನು ನೀನೇ ಎನ್ನುವುದಕ್ಕೆ ಅದು ಕೇಳುವ ಪುರಾವೆ ನೀನು ಮನೆಯಲ್ಲಿ ಬಿಟ್ಟುಬಂದ ವಸ್ತುವೇ ಆಗಿರುತ್ತದೆ.

ಮಾವನವರ ಸಿಮ್ ಇದ್ದ ಫೋನು ಧಾರವಾಡದ ಕೂಡುಮನೆಯಲ್ಲಿ, ದೇವರ ಗೂಡಿನ ಪಕ್ಕ ಚಾರ್ಜಿಗೆ ನೇತಾಡುತ್ತಿತ್ತು. "ರೋಮಿಂಗಿಗೆ ರೊಕ್ಕ ಯಾಕ ಸುಡಬೇಕು" ಎಂದು ತಮ್ಮನ ಹೆಂಡತಿಯ ವಶಕ್ಕೆ ಕೊಟ್ಟುಬಂದಿದ್ದರು. ನನ್ನವಳು ಕೋಟೆಯಿಂದ ಬಂದವಳೇ ಕಾಕುವಿಗೆ ಫೋನು ಹಚ್ಚಿದಳು. ನಮಗೆ ಸಂಜೆ ಏಳು, ಅಲ್ಲಿ ರಾತ್ರಿ ಹತ್ತೂವರೆ.

"ಕಾಕು, ಅಪ್ಪನ ಫೋನಿಗೆ ಒಂದು ನಂಬರ್ ಬಂದಿರ್ತದ, ಲಗೂನ ನೋಡಿ ಹೇಳು."

"ಅಯ್ಯ, ಹೆಂಗಿದ್ದೀಯವಾ? ಥಂಡಿ ಭಾಳ ಅದ ಏನು? ಊಟಕ್ಕ ಏನು ಮಾಡ್ತೀರಿ ಅಲ್ಲೆ?"

ಊಟದ ವಿವರ, ಥಂಡಿಯ ವಿವರ, ಅತ್ತೆಯವರ ಮೊಣಕಾಲಿನ ವಿವರ ಮುಗಿಯುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದಿತ್ತು. ಇನ್ನೊಂದು ತರಿಸಿದೆವು. ಕಾಕು ಕನ್ನಡಕ ಹಾಕಿಕೊಂಡು ಓದಿದರು. ಓದಿ ಸುಮ್ಮನಾದರು.

"ಈ ನಂಬರ್ ಯಾರಿಗೂ ಹೇಳಬ್ಯಾಡ್ರಿ ಅಂತ ಬರದದಲ್ಲ ಇದರಾಗ! ಅದಕ್ಕೂ ಮೊದಲು ಇನ್ನೊಂದು ಬಂದದ. ಜರ್ಮನಿಯಾಗ ಯಾವನೋ ನಿಮ್ಮ ಮೇಲ್ ತಗೀಲಿಕ್ಕೆ ನೋಡ್ಲಿಕ್ಕೆ ಹತ್ಯಾನಂತ."

"ಆ ಯಾವನೋ ನಮ್ಮವರ, ಕಾಕು!"

"ಯಾರು ಕೇಳಿದ್ರೂ ಕೊಡಬ್ಯಾಡ ಅಂತ ಭಾವನವರಽ ಕಲಿಸ್ಯಾರ. ಅವರ ಕೈಯಾಗ ಕೊಡು ಫೋನ್."

ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರ ಪಾಠ ಅವರಿಗೇ ತಿರುಗಿ ಬಂತು. ಮಾವನವರು ಫೋನಿಗೆ ಬಂದರೂ ಕಾಕು ಜಗ್ಗಲಿಲ್ಲ. "ಈಗ ದನೀನೂ ನಕಲು ಮಾಡ್ತಾರಂತ ಟಿವಿಯಾಗ ತೋರಿಸ್ಯಾರ. ನೀವು ಭಾವನವರಽ ಆಗಿದ್ರ ಹೇಳ್ರಿ, ನಮ್ಮ ಲಗ್ನದಾಗ ಎಲಿ ಬಿಟ್ಟು ಎದ್ದು ಹೋಗಿದ್ರಲ್ಲ, ಯಾಕ?"

ಮಾವನವರು ನನ್ನ ಕಡೆ ನೋಡಿದರು. ಅತ್ತೆಯವರ ಕಡೆ ನೋಡಿದರು. ಗೋಡೆಗೆ ತಿರುಗಿ ಮೆಲ್ಲಗೆ ಹೇಳಿದರು: "ಎರಡನೇ ಮಂಡಿಗಿ ಹಾಕಲಿಲ್ಲ."

"ಹೂಂ. ನೀವಽ ಹೌದು. ಬರಕೋರಿ."

"ಹೊಟ್ಟಿ ನೋವು ಅಂತ ಹೇಳಿದ್ರಿ ನನ್ನ ಮುಂದ!" ಎಂದು ಅತ್ತೆಯವರು ಎದ್ದು ನಿಂತರು. 1751ರಲ್ಲಿ ಕಟ್ಟಿದ, ಎರಡು ಲಕ್ಷ ಲೀಟರಿಗೂ ಹೆಚ್ಚು ಹಿಡಿಯುವ ಕೋಟೆಯ ದ್ರಾಕ್ಷಾರಸದ ಪೀಪಾಯಿ ನೋಡಿ, ಇದು ನಮ್ಮ ಮನೆ ಮಾಳಿಗೆ ಮೇಲಿದ್ದರೆ ನಳ ವಾರಕ್ಕೊಮ್ಮೆ ಬಂದರೂ ಚಿಂತೆಯಿರಲಿಲ್ಲ ಎಂದು ಬಹಳ ಹೊತ್ತಿನಿಂದ ಹೇಳಬೇಕೆಂದಿದ್ದವರು ಅದನ್ನೂ ಮರೆತರು.

ಒಟಿಪಿ ಹೊಡೆದೆ. ಮೇಲ್ ತೆರೆಯಿತು. ಎಡಗಡೆ ಫೋಲ್ಡರು, ಬಲಗಡೆ ಖಾಲಿ ಬಯಲು. ಒಂದು ಪತ್ರವೂ ಇಲ್ಲ.

ಕಾರಣ ಸರಳ. ಧಾರವಾಡದ ಕಂಪ್ಯೂಟರಿನಲ್ಲಿ ಯಾರೋ ಹಿಂದೆ 'ಪಾಪ್' ಎಂಬ ವ್ಯವಸ್ಥೆ ಹಾಕಿಕೊಟ್ಟಿದ್ದರು. 1984ರ ಕಾಲದ್ದು. ಅಂಚೆಯವನ ಚೀಲ ಬರಿದು ಮಾಡಿದಂತೆ ಸರ್ವರಿನಲ್ಲಿದ್ದುದನ್ನೆಲ್ಲ ಮನೆಗೆ ಇಳಿಸಿಕೊಂಡು ಅಲ್ಲಿಂದ ಅಳಿಸಿಬಿಡುತ್ತದೆ, ನಕಲು ಇಟ್ಟಿರು ಎಂದು ಹೇಳಿಟ್ಟಿರದಿದ್ದರೆ. ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಎಲ್ಲಿಂದ ಬೇಕಾದರೂ ತೋರಿಸುವ 'ಐಮ್ಯಾಪ್' ಅನ್ನು ಮಾರ್ಕ್ ಕ್ರಿಸ್ಪಿನ್ 1986ರಲ್ಲೇ ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿದ್ದರೂ ಅದು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ರಜೆಗೆ ಬಂದಿದ್ದ ಕಾಕುವಿನ ಮೊಮ್ಮಗ ಆಟಕ್ಕೆಂದು ದಿನಾ ಕಂಪ್ಯೂಟರ್ ಹಚ್ಚುತ್ತಿದ್ದ. ಅವನು ಆಡುತ್ತಿದ್ದಂತೆ ಸಂಘದ ಕಾಗದಗಳು ಸದ್ದಿಲ್ಲದೆ ಅಲ್ಲಿ ಇಳಿಯುತ್ತಿದ್ದವು.

"ಅಯ್ಯ, ಅವೆಲ್ಲಾ ಇಲ್ಲೇ ಬಂದು ಬಿದ್ದಾವ್ರಿ!" ಎಂದರು ಕಾಕು. ಒಟಿಪಿಗೆ ಅಷ್ಟು ಬಿಗಿ ಮಾಡಿದವರು ನಡಾವಳಿಯನ್ನು ಅಧ್ಯಕ್ಷರ ಭಾಷಣದಿಂದ ವಂದನಾರ್ಪಣೆಯವರೆಗೆ ಓದಿಹೇಳಿದರು. ಮಾವನವರು ಹೈಡೆಲ್‌ಬರ್ಗಿನಿಂದ ತಿದ್ದಿದರು, ಮೊಮ್ಮಗ ಧಾರವಾಡದಲ್ಲಿ ಟೈಪ್ ಮಾಡಿ ಕಳಿಸಿದ.

ಅಲ್ಲಿಂದ ಮುಂದೆ ಪ್ರವಾಸದುದ್ದಕ್ಕೂ ಲ್ಯಾಪ್‌ಟಾಪ್ ಬ್ಯಾಗಿನಿಂದ ಹೊರಬರಲಿಲ್ಲ. ರಾತ್ರಿ ಹೊತ್ತಿಗೆ ಸರಿಯಾಗಿ ಕಾಕುವಿನ ಫೋನು ಬರುತ್ತಿತ್ತು. ಬೇಕಾದದ್ದು, ಬೇಡದ್ದು ಎಂದು ಆರಿಸುವ ಸ್ಪ್ಯಾಮ್ ಫೋಲ್ಡರು ಮಾತ್ರ ಕಾಕುವಿನಲ್ಲಿ ಇರಲಿಲ್ಲ.

"ಭಾವನವರ, ಈ ಬೂಟಿನ ಕಂಪನಿಯವನು ಇವತ್ತ ರಾತ್ರಿ ಹನ್ನೆರಡರೊಳಗ ತಗೊಂಡ್ರ ಅರ್ಧಾ ರೊಕ್ಕಾ ಅಂತಾನ. ಪಾಪ, ಮೂರು ಸರ್ತಿ ಬರದಾನ. ಏನಂತ ಉತ್ತರಾ ಕೊಡೂಣು?"