ಬೀಗರಿಲ್ಲದ ಲಗ್ನ

ಹಡಗಿನ ಪ್ರವಾಸವೆಂದರೆ ಗಂಡು-ಹೆಣ್ಣು ಇಲ್ಲದ ಲಗ್ನ. ಇದು ನನ್ನ ಮಾತಲ್ಲ, ದೇವದುರ್ಗದ ನಮ್ಮ ದೊಡ್ಡವ್ವನ ತೀರ್ಪು. ಮುಂಬೈ ಬಂದರಿನಲ್ಲಿ ಹಡಗು ಹತ್ತಿದವಳೇ ಝಗಮಗ ದೀಪ, ಬಾಗಿಲಲ್ಲಿ ನಿಂತು ನಗುವ ಹುಡುಗಿಯರು, ಊಟದ ಸಾಲುಸಾಲು ಮೇಜು ಎಲ್ಲವನ್ನೂ ಒಂದು ಸುತ್ತು ನೋಡಿ, ‘ಎಲ್ಲಾ ಛಲೋ ಐತಿ, ಬೀಗರು ಯಾರು?’ ಎಂದು ಕೇಳಿದಳು. ಬೀಗರಿಲ್ಲ ಅಂದಾಗ ಅವಳ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದು ಸಿಟ್ಟು ಮಾಡಿಕೊಳ್ಳಲು ಯಾರೂ ಇಲ್ಲವೆಂದರೆ ಬಂದದ್ದಾದರೂ ಯಾಕೆ?

ಹೊರಟಿದ್ದು ಒಂದೇ ಮನೆತನದ ಮೂರು ಕವಲು: ರಾಯಚೂರಿನ ನಾವು, ದೇವದುರ್ಗದ ದೊಡ್ಡವ್ವ-ದೊಡ್ಡಪ್ಪ, ಮಾನ್ವಿಯ ಮಾವನ ಸಂಸಾರ. ಗೋವಾ, ಕೊಚ್ಚಿ, ಲಕ್ಷದ್ವೀಪ ಎಂದು ಆಸೆ ಹುಟ್ಟಿಸಿ ಟಿಕೆಟ್ ತೆಗೆಸಿದವನು ಬೆಂಗಳೂರಿನಲ್ಲಿರುವ ನನ್ನ ತಮ್ಮ. ತನಗೆ ಮಾತ್ರ ರಜೆ ಸಿಗಲಿಲ್ಲವೆಂದು ಹಿಂದೆ ಉಳಿದ. ಜಾಣ.

ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ನಾವು. ಈ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದರು. ನಾವು ಬೇಸಿಗೆ ಬಂದರೆ ನಳದ ಮುಂದೆ ಇನ್ನೂ ಕಾದಾಡುತ್ತೇವೆ. ಹಾಗಾಗಿ ಹಡಗಿನಲ್ಲಿ ಎಲ್ಲಕ್ಕಿಂತ ಮೊದಲು ನಮ್ಮವರ ಮನಸ್ಸು ಗೆದ್ದದ್ದು ಕೋಣೆಯ ನಳ. ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಹಡಗಿನ ಹೊಟ್ಟೆಯಲ್ಲೇ ಇದೆ, ಹಗಲು ರಾತ್ರಿ ನೀರು ಬರುತ್ತದೆ ಎಂದು ಎಷ್ಟು ಹೇಳಿದರೂ ಅತ್ತಿ ಕೇಳಲಿಲ್ಲ. ಕೋಣೆಯಲ್ಲಿದ್ದ ಬಾಟಲಿ, ಲೋಟ, ಹೂದಾನಿ ಎಲ್ಲ ತುಂಬಿಟ್ಟು ಮಲಗಿದಳು. ‘ನಾಳೆ ಬಿಡ್ತಾರೋ ಇಲ್ಲೋ, ಯಾರಿಗೆ ಗೊತ್ತು?’

ಅದಕ್ಕೂ ಮೊದಲು, ಹಡಗು ದಕ್ಕೆ ಬಿಡುವ ಮುಂಚೆ, ಕವಾಯತು ನಡೆಯಿತು. ಏಳು ಗಿಡ್ಡ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲರೂ ಗೊತ್ತುಮಾಡಿದ ಜಾಗದಲ್ಲಿ ಬಂದು ನಿಲ್ಲಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ದೇಶದೇಶಗಳು ಕೂಡಿ ಸಮುದ್ರಯಾನಕ್ಕೆ ಕಾಯಿದೆ ಮಾಡಿದವು. ನೂರು ವರ್ಷದ ನಂತರ, 2012ರಲ್ಲಿ, ಇಟಲಿಯ ದಂಡೆಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ ಅಂದು ಹತ್ತಿದವರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಅಲ್ಲಿಂದೀಚೆಗೆ ನಿಯಮ ಇನ್ನಷ್ಟು ಬಿಗಿ. ಇದೆಲ್ಲ ನಾನು ವಿವರಿಸುತ್ತಿರುವಾಗ ದೊಡ್ಡವ್ವನಿಗೆ ಬೇರೆಯೇ ಚಿಂತೆ. ಇಳಕಲ್ ಸೀರೆಯ ಮೇಲೆ ಲೈಫ್ ಜಾಕೆಟ್ ಕಟ್ಟುವಾಗ ಸೆರಗು ಒಳಗಿರಬೇಕೋ ಹೊರಗಿರಬೇಕೋ? ಸಿಬ್ಬಂದಿಯ ಹುಡುಗನಿಗೆ ಯಾವ ತರಬೇತಿಯಲ್ಲೂ ಇದನ್ನು ಕಲಿಸಿರಲಿಲ್ಲ. ಅವನು ತನ್ನ ಮೇಲಿನವನನ್ನು ಕೇಳಿ ಬರಲು ಹೋದ. ಮೇಲಿನವನೂ ಬರಲಿಲ್ಲ, ಅವನೂ ಬರಲಿಲ್ಲ. ಕೊನೆಗೆ ದೊಡ್ಡಪ್ಪ ‘ಮುಳುಗೂ ಮುಂದ ಸೆರಗು ಯಾರು ನೋಡ್ತಾರ?’ ಅಂದು ಎರಡು ಹೊತ್ತು ಮಾತು ಕಳೆದುಕೊಂಡ.

ಮಾವನ ತಕರಾರು ವೇಗದ ಬಗ್ಗೆ. ಹರಿಗೋಲಿನಲ್ಲಿ ಕೃಷ್ಣೆ ದಾಟಿ ಕುರುವಪುರದ ದತ್ತನ ದರ್ಶನಕ್ಕೆ ಹೋಗಿಬಂದ ಮನುಷ್ಯ, ನೀರಿನ ಮೇಲೆ ಹೋದರೆ ಗಿರ್‍ರನೆ ತಿರುಗಬೇಕು, ಹೆಂಗಸರು ಕೂಗಬೇಕು. ಇಲ್ಲಿ ಅದೇನೂ ಇಲ್ಲ. ವೇಗ ಹದಿನೆಂಟು ನಾಟ್ ಎಂದು ಯಾರೋ ಹೇಳಿದರು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್ ಎಂದು ಮೊಬೈಲಿನಲ್ಲಿ ಗುಣಿಸಿ, ಸುಮಾರು 33 ಎಂದು ತಿಳಿದ ಮೇಲೆ ಮಾವ ಹಡಗಿನ ಕಡೆ ನೋಡುವುದನ್ನೇ ಬಿಟ್ಟ. ‘ನಮ್ಮ ಟಂಟಂ ಇದಕ್ಕಿಂತ ಜೋರು ಹೊಕ್ಕತಿ.’

ಎರಡನೆಯ ಬೆಳಿಗ್ಗೆ ಕಡಲು ಸ್ವಲ್ಪ ಒರಟಾಯಿತು. ಕೋಣೆಯ ಗೋಡೆ ಅಲುಗುತ್ತಿಲ್ಲವೆಂದು ಕಣ್ಣು ಹೇಳುತ್ತದೆ, ಎಲ್ಲಾ ಅಲುಗುತ್ತಿದೆ ಎಂದು ಒಳಗಿವಿ ಹೇಳುತ್ತದೆ. ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ನಮ್ಮ ಅತ್ತಿ ಹುಟ್ಟಿದ್ದು ದಾಸರ ನೆಲದಲ್ಲಿ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಎಲ್ಲರೂ ಆ ಸುತ್ತಿನವರೇ. ಭವಸಾಗರ ದಾಟಿಸೋ ಎಂದು ವರ್ಷಗಟ್ಟಲೆ ಭಜನೆಯಲ್ಲಿ ಬೇಡಿಕೊಂಡವಳು, ಬರೀ ಅರಬ್ಬೀ ಸಾಗರ ಒಮ್ಮೆ ಹೊಯ್ದಾಡಿದ್ದಕ್ಕೆ ‘ನನ್ನ ಗೋವಾದಾಗ ಇಳಿಸಿಬಿಡ್ರಿ’ ಅಂದಳು. ಗೋವಾ ಹಿಂದಿನ ದಿನವೇ ದಾಟಿಹೋಗಿತ್ತು.

ಮನರಂಜನೆಗೆ ಬರೋಣ. ನಮ್ಮ ಕಡೆ ದೊಡ್ಡಾಟಕ್ಕೆ ಊಟ ಮುಗಿಸಿ ಕೂತರೆ ಬೆಳ್ಳಿ ಮೂಡುವತನಕ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ‘ತಾವು ಯಾರು, ಎಲ್ಲಿಂದ ಬಂದಿರಿ’ ಎಂದು ವಿಚಾರಿಸಿಕೊಳ್ಳುವುದರೊಳಗೇ ಒಂದು ನಿದ್ದೆ ತೆಗೆಯಬಹುದು. ಹಡಗಿನ ರಂಗಮಂದಿರದಲ್ಲಿ ಜಾದೂ, ಕಸರತ್ತು, ಹಿಂದಿ ಸಿನಿಮಾ ಕುಣಿತ ಎಲ್ಲಾ ಮುಕ್ಕಾಲು ತಾಸಿನಲ್ಲಿ ಮುಗಿದು ಪರದೆ ಬಿತ್ತು. ದೊಡ್ಡವ್ವ ಕೌದಿ ಹೊತ್ತು ತಂದಿದ್ದಳು, ಬಿಚ್ಚಲಿಕ್ಕೂ ಹೊತ್ತು ಸಿಗಲಿಲ್ಲ. ‘ತಾವು ಯಾರು ಅಂತ ಒಬ್ಬರೂ ಹೇಳಲಿಲ್ಲ, ಆಗಲೇ ಮಂಗಳಾರತಿ ಆತು!’

ತಂಬೋಲಾ ಆಟದಲ್ಲಿ ಇನ್ನೊಂದು ಫಜೀತಿ. ಭತ್ತದ ಹರಾಜಿನಲ್ಲಿ ಪಳಗಿದ ಮಾವ, ವೇದಿಕೆಯ ಹುಡುಗ ‘ನಲವತ್ತೇಳು’ ಎಂದು ಹಿಂದಿಯಲ್ಲಿ ಕೂಗಿದ ಕೂಡಲೇ ಕೈಯೆತ್ತಿ ‘ನಲವತ್ತೆಂಟು’ ಎಂದು ಏರಿಸಿಬಿಟ್ಟ.

ಬುತ್ತಿಯ ವಿಷಯ ಹೇಳಲೇಬೇಕು. ಹೊರಗಿನ ಅಡುಗೆ ಒಳಗೆ ಬಿಡುವುದಿಲ್ಲ ಎಂದು ಕಟಕ ರೊಟ್ಟಿಯ ಗಂಟನ್ನು ಬಂದರಿನಲ್ಲೇ ಇಳಿಸಿಕೊಂಡಿದ್ದರು. ಶೇಂಗಾ ಹಿಂಡಿ ಮಾತ್ರ ದೊಡ್ಡವ್ವನ ಔಷಧದ ಡಬ್ಬಿಯಲ್ಲಿ ಪಾರಾಗಿತ್ತು. ಮಧ್ಯಾಹ್ನ ಪಾಸ್ತಾದ ಮೇಲೆ ಅದನ್ನು ಉದುರಿಸಿಕೊಳ್ಳುತ್ತಿರುವಾಗ ಪಕ್ಕದ ಮೇಜಿನ ಹೆಂಗಸು ಮೂಗರಳಿಸಿ ತಿರುಗಿದಳು. ‘ಬೆಳ್ಳೊಳ್ಳಿ ಕಡಿಮಿ ಬಿದ್ದೈತಿ.’ ಸೊಲ್ಲಾಪುರದವರು! ಮುಂಬೈ ಕಡೆಯ ಜಿ.ಐ.ಪಿ. ರೈಲು, ಮದರಾಸು ಕಡೆಯ ರೈಲು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಸೊಲ್ಲಾಪುರವೂ ಅದೇ ಹಳಿಯ ಮೇಲಿದೆ. ಆ ಹಳಿ ಹಿಡಿದು ಹೊರಟ ಮಾತು ಗಾಣಗಾಪುರದ ಹತ್ತಿರ ಎರಡೂ ಮನೆಗೆ ಬೇಕಾದ ಒಬ್ಬ ನೆಂಟನನ್ನು ಹುಡುಕಿತು. ಅವರಲ್ಲಿ ಒಬ್ಬ ಎಂಜಿನಿಯರ್ ಮಗ. ನಮ್ಮಲ್ಲಿ ಎಂ.ಎಸ್ಸಿ. ಮುಗಿಸಿದ ಮಾವನ ಮಗಳು.

ದೊಡ್ಡವ್ವನ ಮುಖಕ್ಕೆ ಕಳೆ ಬಂತು. ಮುಂದಿನ ದಿನಗಳಲ್ಲಿ ಯಾವ ಜಾದೂಗೂ ನಾವು ಹೋಗಲಿಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳ ಆಚೆ ಹಡಗು ಲಂಗರು ಹಾಕಿ, ಎಲ್ಲರೂ ಸಣ್ಣ ದೋಣಿಗಳಲ್ಲಿ ತಿಳಿನೀಲಿ ನೀರು ನೋಡಲು ಹೋದರೆ, ಹಿರಿಯರು ಈಜುಕೊಳದ ದಂಡೆಯಲ್ಲಿ ಕೂತು ಜಾತಕ ಕೂಡಿಸಿದರು. ಹುಡುಗ-ಹುಡುಗಿ ಮೇಲಿನ ಡೆಕ್ಕಿನಲ್ಲಿ ಸಿಗ್ನಲ್ ಹುಡುಕುತ್ತಿದ್ದರು. ಅವರನ್ನೊಂದು ಮಾತು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಮಾತು ಮುರಿದದ್ದು ಲಗ್ನ ಎಲ್ಲಿ ಎಂಬಲ್ಲಿ. ಅವರು ಸೊಲ್ಲಾಪುರ ಅಂದರು, ನಮ್ಮವರು ಮಾನ್ವಿ. ದೊಡ್ಡವ್ವ ಮನಸಾರೆ ಸಿಟ್ಟಾಗಿ, ಎದ್ದು, ಇನ್ನೊಂದು ಮೇಜಿಗೆ ಹೋಗಿ ಕೂತಳು. ದೊಡ್ಡಪ್ಪ ಸಮಾಧಾನಕ್ಕೆಂದು, ‘ಹಂಗಾರ ಈ ಹಡಗಿನಾಗ ಮಾಡೂಣಲ್ಲ?’ ಅಂದ. ಎರಡೂ ಕಡೆಯವರು ಮೊದಲ ಸಲ ಒಂದಾದರು.

‘ಹಡಗಿನಾಗ ಮಾಡಿದರ ಊರ ಮಂದಿ ಊಟಕ್ಕ ಹೆಂಗ ಬರಬೇಕು?’